18 ದಾಟಿದ ಆಟಿಸಂ ಮಕ್ಕಳು ಹಗಲು ಎಲ್ಲಿ ಕಳೆಯಬೇಕು? ಅನುಭವ ಇದ್ದವರು ಹೇಳಿ

ದಾವಣಗೆರೆಯ ತಾಯಿ ಕೇಳಿದ್ದು

ನನ್ನ ಮಗನಿಗೆ 22 ವರ್ಷ. ಆಟಿಸಂ ಇದೆ. ನಾಲ್ಕೈದು ಮಾತು ಬಿಟ್ಟರೆ ಆಡುವುದಿಲ್ಲ, ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ. ಸ್ಪೆಷಲ್ ಸ್ಕೂಲಿನವರು "ದೊಡ್ಡವನಾದ, ಇನ್ನು ಬೇರೆ ಕಡೆ ನೋಡಿ" ಅಂದರು. ಬೇರೆ ಕಡೆ ಅಂದರೆ ಎಲ್ಲಿ ಅಂತ ಯಾರೂ ಹೇಳಲಿಲ್ಲ. ಈಗ ದಿನವಿಡೀ ಮನೆಯಲ್ಲೇ. ನಮ್ಮ ಯಜಮಾನರಿಗೆ ಮಂಡಿ ಆಪರೇಷನ್ ಆಗಬೇಕು. ನಾನು ಆಸ್ಪತ್ರೆಯಲ್ಲಿ ಇರಬೇಕಾದಾಗ ಇವನನ್ನು ನೋಡಿಕೊಳ್ಳುವವರಿಲ್ಲ. ಮಗಳು ಮದುವೆಯಾಗಿ ಪುಣೆಯಲ್ಲಿದ್ದಾಳೆ. ಹಗಲು ಹೋಗಿಬರಲು ಜಾಗ, ಕೆಲವು ದಿನ ಬಿಟ್ಟಿರಲು ಜಾಗ, ನಮ್ಮ ನಂತರ ಇರಲು ಜಾಗ. ಈ ಮೂರರಲ್ಲಿ ಯಾವುದಾದರೂ ಸಿಕ್ಕವರಿದ್ದರೆ ಹೇಗೆ ಸಿಕ್ಕಿತು ಹೇಳಿ.

ಮೈಸೂರಿನ ತಂದೆ, ಮಗಳಿಗೆ 27

ಮೇಡಂ, ಜಾಗ ಹುಡುಕುತ್ತಲೇ ಕಾಗದಪತ್ರ ಮಾಡಿಸಿಕೊಳ್ಳಿ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಅದನ್ನೇ.

ಮಗುವಿಗೆ 18 ತುಂಬಿದರೆ ಕಾನೂನಿನ ಪ್ರಕಾರ ನಾವು ಗಾರ್ಡಿಯನ್ ಅಲ್ಲ. ಬ್ಯಾಂಕಿಗೆ ಹೋದಾಗ ಇದು ಗೊತ್ತಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರಡಿ ಡಿಸಿ ಇರುವ ಸ್ಥಳೀಯ ಮಟ್ಟದ ಸಮಿತಿ ಗಾರ್ಡಿಯನ್ ಸರ್ಟಿಫಿಕೇಟ್ ಕೊಡುತ್ತದೆ. ಕೋರ್ಟಿಗೆ ಅಲೆಯಬೇಕಿಲ್ಲ. ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕಾಯ್ದೆಯಲ್ಲೇ ಇದೆ. ಅರ್ಜಿ ಕೊಟ್ಟು ಸುಮ್ನೆ ಕೂರಬೇಡಿ, ಮುಂದಿನ ಸಭೆ ಯಾವಾಗ ಅಂತ ಕೇಳುತ್ತಲೇ ಇರಿ. ಸರ್ಟಿಫಿಕೇಟ್ ಬಂದ ಮೇಲೆ ಆರು ತಿಂಗಳೊಳಗೆ ಅವನ ಹೆಸರಿನ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷವರ್ಷ ಲೆಕ್ಕ ಕೊಡಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆಯಾ? ಚಿಕ್ಕಂದಿನಲ್ಲಿ ಮಾಡಿಸಿದ್ದಾದರೆ ಅವಧಿ ಮುಗಿದಿರಬಹುದು, ನೋಡಿಕೊಳ್ಳಿ. ಈ ಕಾಯ್ದೆಯಡಿ ನಡೆಯುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್, ಅದರದ್ದೇ ನಿರಾಮಯ ವಿಮೆಯೂ ಇದೆ. ವರ್ಷಕ್ಕೆ 1 ಲಕ್ಷದ ತನಕ. ಮೆಡಿಕಲ್ ಟೆಸ್ಟ್ ಇಲ್ಲ, ಮೊದಲೇ ಇದ್ದ ಕಾಯಿಲೆ ಅಂತ ತಳ್ಳಿಹಾಕುವುದಿಲ್ಲ. ಥೆರಪಿ ಖರ್ಚಿಗೂ ಒಂದು ಮಿತಿಯೊಳಗೆ ಬರುತ್ತದೆ. ಮೊದಲು ನಾವು ಕೊಟ್ಟು ಆಮೇಲೆ ಬಿಲ್ ಹಾಕಬೇಕು, ಅದೊಂದು ರಗಳೆ.

ಇನ್ನು ಜಾಗ. ಕಾಗದದ ಮೇಲೆ ನೀವು ಕೇಳಿದ ಮೂರೂ ಇವೆ. ಹಗಲಿಗೆ ದಿಶಾ-ಕಮ್-ವಿಕಾಸ್, ಕೆಲವು ದಿನಕ್ಕೂ ಜೀವನಪೂರ್ತಿಗೂ ಸಮರ್ಥ್-ಕಮ್-ಘರೌಂದಾ ಅಂತ ಯೋಜನೆಗಳು. ನಡೆಸುವುದು ಮಾತ್ರ ಟ್ರಸ್ಟಿನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳು. ನಮ್ಮ ಜಿಲ್ಲೆಯಲ್ಲಿ ಯಾರೂ ಮುಂದೆ ಬರದಿದ್ದರೆ ನಮ್ಮ ಪಾಲಿಗೆ ಆ ಯೋಜನೆ ಇಲ್ಲ ಅಂತಲೇ ಲೆಕ್ಕ. ಟ್ರಸ್ಟಿನ ವೆಬ್‌ಸೈಟಿನಲ್ಲಿ ಪಟ್ಟಿ ಇದೆ. ಹೊರಡುವ ಮುಂಚೆ ಫೋನ್ ಮಾಡಿ, ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೀಟು ಇದೆ ಅಂತಲ್ಲ.

ಬೆಂಗಳೂರಿನ ಅಕ್ಕ, ತಮ್ಮನಿಗೆ 34

ಅಪ್ಪ ತೀರಿಕೊಂಡ ಮೇಲೆ ನಾನೇ ಊರೂರು ತಿರುಗಿ ವಸತಿ ಕೇಂದ್ರ ನೋಡಿದವಳು. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. "ಹೊಡೀತಾನಾ? ಓಡಿಹೋಗ್ತಾನಾ? ಟಾಯ್ಲೆಟ್ ಗೊತ್ತಾ?" ಈ ಮೂರೇ ಪ್ರಶ್ನೆಯಲ್ಲಿ ಅರ್ಧ ಜಾಗಗಳು ಬಾಗಿಲು ಹಾಕುತ್ತವೆ. ಯಾರ ಮನೆಯಲ್ಲಿ ಕಷ್ಟ ಜಾಸ್ತಿಯೋ ಅವರಿಗೇ ಜಾಗವಿಲ್ಲ. ಇದು ನಿಮ್ಮ ಮಗನ ತಪ್ಪೂ ಅಲ್ಲ, ನಿಮ್ಮದೂ ಅಲ್ಲ. ಒಬ್ಬೊಬ್ಬರ ಕೈಯಲ್ಲಿ ಅಷ್ಟು ಜನರನ್ನು ಬಿಟ್ಟರೆ ಸಿಬ್ಬಂದಿಯಾದರೂ ಏನು ಮಾಡ್ತಾರೆ. ಸಂಬಳ ಕಡಿಮೆ, ತರಬೇತಿ ಇಲ್ಲ, ಕೆಲಸಕ್ಕೆ ಬಂದವರು ನಿಲ್ಲುವುದಿಲ್ಲ.

ನೋಡಲು ಹೋದಾಗ ಆಫೀಸಿನಲ್ಲಿ ಕೂತು ಆಲ್ಬಂ ನೋಡಿ ಬರಬೇಡಿ. ಬಚ್ಚಲುಮನೆ ನೋಡಿ. ಸಂಜೆ ಐದರ ಮೇಲೆ, ಇಲ್ಲಾ ಭಾನುವಾರ ಹೋಗಿ, ಆಗ ಎಷ್ಟು ಸಿಬ್ಬಂದಿ ಇರುತ್ತಾರೆ ಅನ್ನುವುದು ಕಾಣುತ್ತದೆ. ರಾತ್ರಿ ಯಾರು ಮಲಗುತ್ತಾರೆ ಕೇಳಿ. ಮಾತ್ರೆ ಯಾರು ಕೊಡುತ್ತಾರೆ, ಡೋಸ್ ಏರಿಸುವಾಗ ನಮ್ಮನ್ನು ಕೇಳುತ್ತಾರಾ ಕೇಳಿ. ಗಲಾಟೆ ಮಾಡಿದರೆ ಮಾತ್ರೆ ಜಾಸ್ತಿ ಕೊಟ್ಟು ಮಲಗಿಸುವ ಜಾಗಗಳನ್ನು ಕಂಡಿದ್ದೇನೆ. ಹೇಳದೆ ಬಂದರೆ ಒಳಗೆ ಬಿಡುವುದಿಲ್ಲ ಅನ್ನುವ ಕಡೆ ನಾನಂತೂ ತಮ್ಮನನ್ನು ಬಿಡುವುದಿಲ್ಲ. ಡೆಪಾಸಿಟ್ ವಾಪಸ್ ಬರುತ್ತದಾ, ಮನೆಗೆ ವಾಪಸ್ ಕಳಿಸುವುದಾದರೆ ಎಷ್ಟು ದಿನ ಮೊದಲು ಹೇಳುತ್ತಾರೆ, ಇದೆಲ್ಲ ಬರವಣಿಗೆಯಲ್ಲಿ ಇರಲಿ.

ಮಗಳ ಜೊತೆ ಈಗಲೇ ಮಾತಾಡಿ, ಆಂಟಿ. "ಅವಳು ನೋಡ್ಕೋತಾಳೆ" ಅಂತ ಅಂದುಕೊಂಡು ಬಿಡಬೇಡಿ. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಹೂಂ ಅಂತಲೇ ಅನ್ನುತ್ತಿದ್ದೆ, ಆದರೆ ಕೇಳಬೇಕಿತ್ತು.

ಉಡುಪಿ ಕಡೆಯ ಸ್ಪೆಷಲ್ ಎಜುಕೇಟರ್

ಅಕ್ಕ ಹೇಳಿದ ಮಾತ್ರೆ ವಿಷಯಕ್ಕೆ ಒಂದು ಸೇರಿಸ್ತೇನೆ. ಮಾತು ಬಾರದವರು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳಲು, ಕೈ ಕಚ್ಚಿಕೊಳ್ಳಲು ಶುರು ಮಾಡಿದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಿಸಿ. ಹಲ್ಲುನೋವು, ಮಲಬದ್ಧತೆ ಎಷ್ಟೋ ಸಲ "ಬಿಹೇವಿಯರ್" ಅಂತ ಹೆಸರು ಪಡೆಯುತ್ತದೆ. ಹರೆಯದಲ್ಲಿ ಹೊಸದಾಗಿ ಫಿಟ್ಸ್ ಬರುವುದೂ ಉಂಟು. ಮಕ್ಕಳ ಡಾಕ್ಟರು 18ಕ್ಕೆ ನಿಲ್ಲಿಸುತ್ತಾರೆ, ದೊಡ್ಡವರ ಡಾಕ್ಟರಲ್ಲಿ ಆಟಿಸಂ ಗೊತ್ತಿದ್ದವರು ಕಡಿಮೆ. ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋಗಿದ್ದ ಹಳೇ ಫೈಲ್ ಇದ್ದರೆ ಬಿಸಾಡಬೇಡಿ.

ಹಗಲಿನ ವಿಷಯ. ಜಾಗ ಸಿಗುವ ತನಕ ದಿನ ಖಾಲಿ ಬಿಡಬೇಡಿ. ಸ್ಕೂಲ್ ನಿಂತಾಗ ಕೈತಪ್ಪುವುದು ಪಾಠ ಅಲ್ಲ, ಹೊತ್ತು ಹೊತ್ತಿನ ದಿನಚರಿ. ಗೋಡೆಗೆ ಚಿತ್ರದ ವೇಳಾಪಟ್ಟಿ ಹಾಕಿ: ಸ್ನಾನ, ತಿಂಡಿ, ಹಾಲು ತರುವುದು, ಬಟ್ಟೆ ಒಣಹಾಕುವುದು, ವಾಕಿಂಗ್. ಕೆಲಸ ನಿಜವಾದದ್ದಾಗಿರಲಿ. ಕಾಗದದ ಕವರ್ ಮಾಡಿಸಿ, ಮತ್ತೆ ಬಿಚ್ಚಿಸಿ, ಮತ್ತೆ ಮಾಡಿಸುವುದನ್ನು ತರಬೇತಿ ಅಂತ ಕರೆಯುವ ಕಡೆ ನಾನೂ ಕೆಲಸ ಮಾಡಿದ್ದೇನೆ. ಅದು ನಿಜವಾದ ಕೆಲಸ ಅಲ್ಲ ಅಂತ ಮಕ್ಕಳಿಗೆ ಗೊತ್ತಾಗುತ್ತದೆ.

ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲ್ಲೂಕಿನ ಎಂಆರ್‌ಡಬ್ಲ್ಯೂ ಅಂತ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಇವರನ್ನು ಹಿಡಿಯಿರಿ. ಪಿಂಚಣಿ ಅರ್ಜಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ. ಸುತ್ತಮುತ್ತ ಇಂಥ ಮಕ್ಕಳಿರುವ ಮನೆ ಯಾವುದು ಅಂತ ಅವರಿಗೇ ಗೊತ್ತಿರುವುದು.

ಹಾವೇರಿ ಜಿಲ್ಲೆಯ ರೈತ, ಮಗನಿಗೆ 30

ನಮ್ಮವ ಊರಾಗೇ ಇದ್ದಾನೆ. ದನದ ಹಿಂದೆ ಹೋಗ್ತಾನೆ, ಮೇವು ಹಾಕ್ತಾನೆ, ಎಲ್ಲರೂ ಗುರುತು ಹಿಡೀತಾರೆ. ಯಾವ ಸೆಂಟರೂ ಬೇಡ ಅನ್ನೋದು ನನ್ನ ಅಭಿಪ್ರಾಯ ಇತ್ತು. ಈಗ ಅಷ್ಟು ಧೈರ್ಯದಿಂದ ಹೇಳಲ್ಲ. ಅವನ ವಾರಿಗೆಯವರೆಲ್ಲ ಬೆಂಗಳೂರು ಸೇರಿದರು, ನಾವು ಮುದುಕರಾದ್ವಿ.

ಬೆಂಗಳೂರಿನ ಅಕ್ಕ

ಸರ್, ಅದಕ್ಕೇ ನಾನು ಹೇಳುವುದು, ಬಿಡುವುದಾದರೆ ನೀವು ಇರುವಾಗಲೇ ಬಿಡಿ. ವಾರಕ್ಕೊಮ್ಮೆ ಮನೆಗೆ ಬಂದು ಹೋಗುತ್ತಾ ಅಭ್ಯಾಸವಾಗಲಿ. ಅಮ್ಮ ತೀರಿಕೊಂಡ ವಾರದಲ್ಲೇ ಮನೆಯೂ ಬದಲಾದರೆ ಅವರು ತಡೆದುಕೊಳ್ಳುವುದು ಹೇಗೆ?

ಹಾವೇರಿ ಜಿಲ್ಲೆಯ ರೈತ

ಹೇಳೋದು ಸರಿ ಐತಿ ತಂಗಿ. ಅವರವ್ವ ಒಪ್ಪಲ್ಲ.

ನ್ಯೂಜೆರ್ಸಿಯ ಕನ್ನಡಿಗ

ಇಲ್ಲಿ ಎಲ್ಲ ಇದೆ ಅಂತ ಅಂದುಕೊಳ್ಳಬೇಡಿ. 21ರ ತನಕ ಸ್ಕೂಲ್ ಕಾನೂನಿನ ಹಕ್ಕು, ಬಸ್ ಮನೆ ಬಾಗಿಲಿಗೆ ಬರುತ್ತದೆ. ಆಮೇಲೆ ಎಲ್ಲಕ್ಕೂ ಅರ್ಜಿ ಹಾಕಿ ಕಾಯಬೇಕು. ಹಲವು ರಾಜ್ಯಗಳಲ್ಲಿ ಮೆಡಿಕೇಡ್ ವೇವರ್‌ಗೆ (ಮನೆಯಲ್ಲೇ ಆರೈಕೆಗೆ ಸರ್ಕಾರ ಕೊಡುವ ದುಡ್ಡು) ವರ್ಷಗಟ್ಟಲೆ ಕ್ಯೂ. ದುಡ್ಡು ಮಂಜೂರಾದರೂ ಕೆಲಸಕ್ಕೆ ಜನ ಸಿಗದೆ ಮನೆಯಲ್ಲೇ ಉಳಿದವರಿದ್ದಾರೆ. ಮಗನಿಗೋಸ್ಕರ ವಾಪಸ್ ಬರೋಣವಾ ಅಂತ ನಾವು ಯೋಚಿಸುತ್ತಿದ್ದೆವು, ಇಲ್ಲಿ ಓದಿದ ಮೇಲೆ ಗೊತ್ತಾಗುತ್ತಿಲ್ಲ.

ಮೈಸೂರಿನ ತಂದೆ

ದುಡ್ಡಿನ ಬಗ್ಗೆ ಎರಡು ಮಾತು ಬಿಟ್ಟುಹೋಗಿತ್ತು. ಮೇಡಂ, ಮನೆಯನ್ನು ನೇರವಾಗಿ ಮಗನ ಹೆಸರಿಗೆ ವಿಲ್ ಬರೆಯಬೇಡಿ, ಅವನಿಗೆ ನಿಭಾಯಿಸಲು ಆಗುವುದಿಲ್ಲ, ಯಾರೋ ನಿಭಾಯಿಸುತ್ತಾರೆ. ಖಾಸಗಿ ಟ್ರಸ್ಟ್ ಮಾಡಿ, ಮಗಳ ಜೊತೆ ಕುಟುಂಬದ ಹೊರಗಿನವರೊಬ್ಬರನ್ನೂ ಟ್ರಸ್ಟಿ ಮಾಡಿ. ಇದಕ್ಕೆ ಮಾತ್ರ ವಕೀಲರು ಬೇಕು. ಯಜಮಾನರು ಕೇಂದ್ರ ಸರ್ಕಾರದ ಪಿಂಚಣಿದಾರರಾದರೆ, ಸಂಪಾದಿಸಲಾಗದ ಅಂಗವಿಕಲ ಮಗನಿಗೆ ಕುಟುಂಬ ಪಿಂಚಣಿ ಜೀವನಪೂರ್ತಿ ಬರುತ್ತದೆ. ಅವರು ಇರುವಾಗಲೇ ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶದಲ್ಲಿ) ಮಗನ ಹೆಸರು ಸೇರಿಸಿ.

ದಾವಣಗೆರೆಯ ತಾಯಿ

ಎಲ್ಲರಿಗೂ ಧನ್ಯವಾದ. ನಮ್ಮ ಯಜಮಾನರದ್ದು ಪ್ರೈವೇಟ್ ಮಿಲ್ ಕೆಲಸ, ಪಿಂಚಣಿ ಇಲ್ಲ. ಗಾರ್ಡಿಯನ್‌ಶಿಪ್ ವಿಷಯ ಇವತ್ತೇ ಮೊದಲು ಕೇಳಿದ್ದು. ಆದರೆ ಆಪರೇಷನ್ ಮುಂದಿನ ತಿಂಗಳು. ಅದಕ್ಕೆ ಏನು ಮಾಡಲಿ?

ಬೆಂಗಳೂರಿನ ಅಕ್ಕ

ಗೊತ್ತಿಲ್ಲದ ಜಾಗಕ್ಕೆ ಒಮ್ಮೆಲೇ ಬಿಡಬೇಡಿ. ಯಾರೇ ಸಿಗಲಿ, ಈ ವಾರದಿಂದಲೇ ಅವರು ನಿಮ್ಮ ಮನೆಗೆ ಬಂದು ನೀವಿರುವಾಗ ಒಂದೆರಡು ಗಂಟೆ ಅವನ ಜೊತೆ ಇರಲಿ. ಆಮೇಲೆ ನೀವು ಅಂಗಡಿಗೆ ಹೋಗಿ ಬನ್ನಿ. ಆಮೇಲೆ ಒಂದು ರಾತ್ರಿ. ಒಂದು ಹಾಳೆಯಲ್ಲಿ ಬರೆದಿಡಿ: ಮಾತ್ರೆ, ಏನು ತಿನ್ನುತ್ತಾನೆ, ಯಾವ ಶಬ್ದಕ್ಕೆ ಹೆದರುತ್ತಾನೆ, ಸಿಟ್ಟು ಬರುವ ಮುಂಚೆ ಏನು ಮಾಡುತ್ತಾನೆ, ಆಗ ಏನು ಮಾಡಬಾರದು. ಅವನಿಗೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿ, ಅಪ್ಪ ಅಮ್ಮ ಯಾವತ್ತು ವಾಪಸ್ ಅಂತ. ಅರ್ಥವಾಗುತ್ತದೆ ಅಂತ ನೀವೇ ಹೇಳಿದ್ದೀರಲ್ಲ.

ಹರಿಹರದ ತಾಯಿ, ಮಗನಿಗೆ 19

ಅಕ್ಕಾ, ನಾನು ಹರಿಹರದವಳು, ನಿಮಗೆ ಹತ್ತಿರವೇ. ನಮ್ಮವನ ಸ್ಕೂಲೂ ಈ ವರ್ಷ ನಿಂತಿತು. ಭಾನುವಾರ ಮಗನನ್ನು ಕರೆದುಕೊಂಡು ಬನ್ನಿ, ಇಬ್ಬರನ್ನೂ ಕೂರಿಸಿ ನೋಡೋಣ. ಹೊಂದಿಕೊಂಡರೆ ಆಪರೇಷನ್ ದಿನಗಳಲ್ಲಿ ಹಗಲು ನಮ್ಮನೆಯಲ್ಲಿ ಇರಲಿ, ರಾತ್ರಿಗೆ ನಿಮ್ಮ ಮಗಳು ಬರಲು ಆಗುತ್ತಾ ಕೇಳಿ. ನಂಬರ್ ಮೆಸೇಜ್ ಮಾಡಿದ್ದೀನಿ. ಒಂದು ಮಾತ್ರ, ನನ್ನ ಮಗ ಖುಷಿಯಾದಾಗ ತುಂಬಾ ಜೋರಾಗಿ ಕೂಗ್ತಾನೆ. ನಿಮ್ಮವನಿಗೆ ಅಷ್ಟು ಶಬ್ದ ತಡೆದುಕೊಳ್ಳಲು ಆಗುತ್ತಾ?