ಮುಂಗಾರಿಗೆ ತರಕಾರಿ ಹಾಕುವವರು ಇಲ್ಲಿ ಕೇಳಿ: ಈ ವಾರದ ಪ್ರಶ್ನೋತ್ತರ

ಹತ್ತು ಗುಂಟೆ: ಮೇಡಂ, ಬಯೋಡೈನಮಿಕ್ ಬೇಸಾಯ (ರಾಸಾಯನಿಕ ಇಲ್ಲದೆ, ಚಂದ್ರನ ಚಲನೆ ನೋಡಿ ಮಾಡೋದು) ಶುರು ಮಾಡಿ ಎರಡನೇ ವರ್ಷ. ಹೋದ ಹಿಂಗಾರಲ್ಲಿ ಮೆಣಸಿನಕಾಯಿ ಗಿಡ ಹಸಿರಿದ್ದ ಹಾಗೇ ಸೊರಗಿ ಹೋದವು. ಈಗ ಬದುವಿನ ಎರಡು ಬದನೆ ಗಿಡವೂ ಬಾಡ್ತಿವೆ. ಅದೇ ಜಾಗಕ್ಕೆ ಹಾಕೋಣ ಅಂತ 600 ಟೊಮೆಟೊ ಸಸಿ ಮಾಡಿದೀನಿ. ಆರಿದ್ರಾ ಮಳೆಯಲ್ಲಿ, ಚಂದ್ರ ಇಳಿಮುಖ ಇರುವ ದಿನ ನಾಟಿ. ಹಸುವಿನ ಕೊಂಬಲ್ಲಿ ಸಗಣಿ ತುಂಬಿ ಹೂತು ಮಾಡಿದ ಕೊಂಬಿನ ಗೊಬ್ಬರನೂ ಸಿಂಪಡಿಸ್ತೀನಿ. ಸರಿನಾ?

ಕೋಲಾರದ ಕಡೆಯವ: ಅಮಾವಾಸ್ಯೆ ದಿನ ಬೀಜ ಹಾಕಬಹುದಾ?

ಸಲಹೆಗಾರ್ತಿ: ಬೇಡ. ಎರಡು ದಿನ ಬಿಟ್ಟು ಹಾಕಿ.

ಹತ್ತು ಗುಂಟೆಯವರೇ, ನಿಮ್ಮದು ಓದಿ ಗಾಬರಿಯಾಯ್ತು. ದಿನದ ಲೆಕ್ಕ ಆಮೇಲೆ. ಮೊದಲು ಬಾಡುತ್ತಿರೋ ಬದನೆ ಕಾಂಡವನ್ನು ಬುಡದ ಹತ್ತಿರ ಎರಡು ಇಂಚು ಕುಯ್ದು, ಗಾಜಿನ ಲೋಟದ ತಿಳಿನೀರಲ್ಲಿ ತುದಿ ಮುಳುಗುವಂತೆ ಹಿಡಿಯಿರಿ, ಅಲ್ಲಾಡಿಸಬೇಡಿ. ಐದು ನಿಮಿಷದೊಳಗೆ ಹಾಲಿನಂಥ ಎಳೆ ಇಳಿದರೆ ದುಂಡಾಣು ಸೊರಗು ರೋಗ. ಅದು ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತೆ. ಮೆಣಸು, ಬದನೆ, ಟೊಮೆಟೊ, ಆಲೂಗಡ್ಡೆ ಒಂದೇ ಕುಲ. ಮೆಣಸು ಹೋದ ಕಡೆ ಟೊಮೆಟೊ ಹಾಕೋದು ಅಂದ್ರೆ ಹಸಿದವನ ಮುಂದೆ ಎಲೆ ಹಾಕಿದ ಹಾಗೆ. ಶುಂಠಿಯೂ ಬೇಡ. ಕನಿಷ್ಠ ಎರಡು ಮೂರು ವರ್ಷ ರಾಗಿ, ಮುಸುಕಿನ ಜೋಳ ಬೆಳೆಯಿರಿ. ಆ ಜಾಗದ ಮಳೆನೀರು ಕೆಳಗಿನ ಪಾತಿಗೆ ಹರಿಯದ ಹಾಗೆ ಕಾಲುವೆ ತಿರುಗಿಸಿ, ಗುದ್ದಲಿ ತೊಳೆದೇ ಬೇರೆ ಕಡೆ ಇಳಿಸಿ. ಸತ್ತ ಗಿಡ ಗೊಬ್ಬರದ ಗುಂಡಿಗೆ ಹಾಕಿದ್ರಾ? ಕೊಂಬಿನ ಗೊಬ್ಬರ ಎಕರೆಗೆ 25 ಗ್ರಾಂ, 13 ಲೀಟರ್ ನೀರಲ್ಲಿ ಒಂದು ಗಂಟೆ ತಿರುಗಿಸಿ ಸಂಜೆ ಸಿಂಪಡಿಸಿ, ಬೇಡ ಅನ್ನಲ್ಲ. ಅದು ಮಣ್ಣಿಗೆ ಕೊಡೋದು, ರೋಗದ ಔಷಧಿ ಅಲ್ಲ. ಮತ್ತೆ, ಸಸಿ ಎಲ್ಲಿ ಎಬ್ಬಿಸಿದ್ದು ಹೇಳಿ.

ಮಲೆನಾಡ ಹಿತ್ತಲು: ಇಷ್ಟೆಲ್ಲ ಯಾಕೆ? ಬುಡಕ್ಕೆ ಹಿಡಿ ಕಲ್ಲುಪ್ಪು, ಅರಿಶಿನ, ಇಂಗು ಹಾಕಿ. ವಾಟ್ಸಾಪಲ್ಲಿ ಬಂದಿತ್ತು, ನೂರಕ್ಕೆ ನೂರು ಗ್ಯಾರಂಟಿ.

ಸಲಹೆಗಾರ್ತಿ: ಉಪ್ಪು ಹಾಕಬೇಡಿ. ಯಾರೂ ಹಾಕಬೇಡಿ. ಉಪ್ಪು ಸೇರಿದ ಮಣ್ಣಲ್ಲಿ ಮುಂದೆ ಸೊಪ್ಪೂ ಏಳಲ್ಲ. ಇಂಗು ಸಾರಿಗೆ ಇಟ್ಕೊಳ್ಳಿ. ನಾಲ್ಕನೇ ಸಲ ಹೇಳ್ತಿದೀನಿ.

ಸಾಗರದವಳು: ಇಳಿಮುಖ ಅಂದ್ರೆ ಕೃಷ್ಣಪಕ್ಷ ತಾನೆ?

ತುಮಕೂರು ತೋಟ: ಅಲ್ಲ. ಕೃಷ್ಣಪಕ್ಷ ಚಂದ್ರ ಕರಗೋದು, ಪೂರ್ತಿ ಸುತ್ತು 29½ ದಿನ. ಇಳಿಮುಖ ಅಂದ್ರೆ ಆಕಾಶದಲ್ಲಿ ದಿನದಿನಕ್ಕೆ ದಕ್ಷಿಣಕ್ಕೆ ಜಾರೋದು, ಅದರ ಸುತ್ತು 27 ದಿನ ಚಿಲ್ಲರೆ.

ಮಲೆನಾಡ ಹಿತ್ತಲು: ನಮ್ಮಜ್ಜ ಮಳೆ ನಕ್ಷತ್ರ ನೋಡಿ ಬಿತ್ತುತ್ತಿದ್ದ. 1924ರಲ್ಲಿ ಈ ಬಯೋಡೈನಮಿಕ್ ಶುರು ಮಾಡಿದ ಸ್ಟೈನರ್ ಭಾಷಣ ಮಾಡೋ ತನಕ ಅವನು ಕಾಯಲಿಲ್ಲ.

ತುಮಕೂರು ತೋಟ: ಮಳೆ ನಕ್ಷತ್ರ ಸೂರ್ಯನದು ಸ್ವಾಮಿ, ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಅದು ಹದ ಹೇಳುತ್ತೆ, ಚಂದ್ರ ಆ ಹದದೊಳಗೆ ದಿನ ಆರಿಸೋಕೆ. ಎರಡಕ್ಕೂ ಜಗಳ ಇಲ್ಲ, ನೀವೇ ತಂದಿಡೋದು.

ಮಲೆನಾಡ ಹಿತ್ತಲು: ಪಾಠ ಸಾಕು.

ಬೆಂಗಳೂರು ತಾರಸಿ: ಹಸುವಿನ ಕೊಂಬು ಎಲ್ಲಿ ಸಿಗುತ್ತೆ?

ಮಂಡ್ಯದ ಮಡಿ: ಟೊಮೆಟೊಗೆ ಚೆಂಡುಹೂ ಎಷ್ಟು ಸಾಲು ಮೇಡಂ? ಬೀನ್ಸ್ ಒಂದೇ ಸಲ ಹಾಕಲಾ?

ಸಲಹೆಗಾರ್ತಿ: 16 ಸಾಲಿಗೆ ಒಂದು. ಚೆಂಡುಹೂ ಸಸಿ 40 ದಿನದ್ದು, ಟೊಮೆಟೊ 25 ದಿನದ್ದಿರಲಿ, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ, ಕಾಯಿಕೊರಕ ಹುಳು ಟೊಮೆಟೊ ಬಿಟ್ಟು ಚೆಂಡುಹೂವಿಗೆ ಬೀಳುತ್ತೆ. ಬೀನ್ಸ್ ಹದಿನೈದು ದಿನಕ್ಕೊಮ್ಮೆ ಎರಡೆರಡು ಸಾಲು. ಸಂತೆಗೆ ಎಲ್ಲ ಒಂದೇ ದಿನ ತಂದು ಸುರಿಯಬೇಡಿ.

ಶಿರಾ ಸಣ್ಣರೈತ: ಅಮಾವಾಸ್ಯೆ ದಿನ ಬಿತ್ತಬಹುದಾ ಮೇಡಂ?

ಸಲಹೆಗಾರ್ತಿ: ಮೇಲೆ ಓದಿ.

ಮಲೆನಾಡ ಹಿತ್ತಲು: ದುಡ್ಡು ಕೊಟ್ಟು ಕೇಳಿದ್ರೆ ಮಾತ್ರ ಉದ್ದ ಉತ್ತರ ಅನ್ಸುತ್ತೆ.

ಸಾಗರದವಳು: ಇಲ್ಲಿ ಯಾರು ಯಾರಿಗೆ ದುಡ್ಡು ಕೊಟ್ಟಿದಾರೆ? ಉಪ್ಪು ನಿಮ್ಮ ಹಿತ್ತಲಿಗೇ ಹಾಕ್ಕೊಳ್ಳಿ.

ಹತ್ತು ಗುಂಟೆ: ಮೇಡಂ, ಲೋಟದಲ್ಲಿ ಎಳೆ ಬಂತು. ದಾರದ ಹಾಗೆ ಇಳೀತು. ಸತ್ತ ಗಿಡ ಗುಂಡಿಗೇ ಹಾಕಿದ್ದೆ. ಸಸಿ ಅದೇ ಜಾಗದ ಒಟ್ಲಲ್ಲಿ ಎಬ್ಬಿಸಿದ್ದು. ಮೇಲಿನ ಹೊಲಕ್ಕೆ ಹಾಕಲಾ?

ಸಲಹೆಗಾರ್ತಿ: ಬೇಡ. ಮೇಲಿಂದ ಕೆಳಗೆ ಪೂರ್ತಿ ಹಬ್ಬುತ್ತೆ. 600ನ್ನೂ ಕಿತ್ತು ಒಣಗಿಸಿ ಸುಡಿ. ಚೆನ್ನಾಗಿ ಕಾಣ್ತಿವೆ ಅಂತ ಪಕ್ಕದವರಿಗೂ ಕೊಡಬೇಡಿ. ಆ ಗುಂಡಿಯ ಗೊಬ್ಬರ ತರಕಾರಿಗೆ ಹಾಕಬೇಡಿ. ಮೇಲಿನ ಹೊಲಕ್ಕೆ ಬೇಕಿದ್ದರೆ ತೆಂಗಿನ ನಾರಿನ ಪುಡಿಯ ಟ್ರೇಯಲ್ಲಿ ಹೊಸದಾಗಿ ಬಿತ್ತಿ. 25 ದಿನ ತಡ ಆಗುತ್ತೆ, ಆಗಲಿ.