ಪದಚರ್ಚೆ: ‘ಬಾರ್ನ್ ಇನ್ ದ ಯುಎಸ್ಎ’ ಪಲ್ಲವಿಗೆ ಕನ್ನಡ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1984ರ ಈ ಹಾಡನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ನಿಮ್ಮ ಸಹಾಯ ಬೇಕು.

ಕತೆ ಇಷ್ಟು. ಸೊರಗಿದ ಊರಿನ ಹುಡುಗ, ಏನೋ ಗಲಾಟೆ ಮಾಡಿಕೊಳ್ಳುತ್ತಾನೆ. ಕೈಗೆ ಬಂದೂಕು ಕೊಟ್ಟು ವಿಯೆಟ್ನಾಂಗೆ ಕಳಿಸುತ್ತಾರೆ. ವಾಪಸ್ ಬಂದರೆ ರಿಫೈನರಿಯಲ್ಲಿ ಕೆಲಸ ಇಲ್ಲ. ಮಾಜಿ ಸೈನಿಕರ ಕಚೇರಿಯವರೂ ಕೈ ಹಿಡಿಯುವುದಿಲ್ಲ. ಇದರ ನಡುವೆ ‘ಬಾರ್ನ್ ಇನ್ ದ ಯುಎಸ್ಎ’ ಅಂತ ಮತ್ತೆ ಮತ್ತೆ ಕೂಗುತ್ತಾನೆ.

ಡ್ರಮ್ಮಿನ ಅಬ್ಬರದಲ್ಲಿ ತುಂಬ ಜನಕ್ಕೆ ಅದು ದೇಶದ ಜೈಕಾರದ ಹಾಗೆ ಕೇಳಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ರೇಗನ್ ಚುನಾವಣಾ ಪ್ರಚಾರಕ್ಕೆ ನ್ಯೂಜೆರ್ಸಿಯ ಹ್ಯಾಮಂಟನ್‌ಗೆ ಬಂದಾಗ, ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶ ಇದೆ ಎಂದರು. ಕೆಲವೇ ದಿನಗಳಲ್ಲಿ ಪಿಟ್ಸ್‌ಬರ್ಗ್‌ ವೇದಿಕೆಯ ಮೇಲೆ ಸ್ಪ್ರಿಂಗ್‌ಸ್ಟೀನ್, ಅಧ್ಯಕ್ಷರಿಗೆ ತಮ್ಮ ಯಾವ ಆಲ್ಬಂ ಇಷ್ಟವೋ ಎಂದು ಕೇಳಿ, ಕೆಲಸ ಕಳೆದುಕೊಂಡ ಕಾರ್ಮಿಕನ ಹಾಡೊಂದನ್ನು ಹಾಡಿದರು. ‘ಬಾರ್ನ್ ಇನ್ ದ ಯುಎಸ್ಎ’ ಹಾಡನ್ನೂ ಅವರು 1982ರಲ್ಲೇ ಬರೀ ಗಿಟಾರ್ ಹಿಡಿದು ಹಾಡಿಟ್ಟಿದ್ದರು. 1998ರಲ್ಲಿ ಆ ಧ್ವನಿಮುದ್ರಣ ಹೊರಬಂತು. ಅದರಲ್ಲಿ ಕೇಳಿಸುವುದು ಸಂಕಟ ಮಾತ್ರ.

ಹಾಗಂತ ಹೆಮ್ಮೆಯ ಅರ್ಥವನ್ನು ಪೂರ್ತಿ ತೆಗೆದುಹಾಕಲು ನನಗೆ ಮನಸ್ಸಿಲ್ಲ. ‘ಇದು ನನ್ನ ದೇಶ’ ಅನ್ನುವ ಹಕ್ಕು ಇರುವುದಕ್ಕೇ ಅಲ್ವಾ ಅವನಿಗೆ ಅಷ್ಟು ಸಿಟ್ಟು? ಎರಡೂ ಒಂದೇ ಸಾಲಿನಲ್ಲಿ ಬರಬೇಕು.

‘ಅಮೆರಿಕದಲ್ಲಿ ಹುಟ್ಟಿದವನು ನಾನು’ ಅಂದರೆ ಅರ್ಜಿಯಲ್ಲಿ ತುಂಬಿದ ವಿವರದಂತಿದೆ. ‘ಅಮೆರಿಕದ ಮಗ ನಾನು’ ಬರೀ ಜಂಬ. ‘ನಾನೂ ಇಲ್ಲೇ ಹುಟ್ಟಿದವನು’ ಅಂದರೆ ದೂರು ಸರಿಯಾಗಿ ಬರುತ್ತದೆ, ಆದರೆ ದೇಶದ ಹೆಸರೇ ಹೋಯಿತು. ಸದ್ಯ ‘ಅಮೆರಿಕದಲ್ಲೇ ಹುಟ್ಟಿದವನು ನಾನು’ ಎಂದು ಬರೆದಿದ್ದೇನೆ. ಆ ‘ಏ’ ಹೆಮ್ಮೆ, ದೂರು ಎರಡನ್ನೂ ಹೊರುತ್ತದಾ? ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ಇನ್ನೊಂದು, ಹಾಡಿನಲ್ಲಿ ಬರುವ ‘ಬ್ರದರ್’. ವಿಯೆಟ್ನಾಂನ ಖೆ ಸಾನ್‌ನಲ್ಲಿ ಕಾದಾಡಿ ಈಗ ಇಲ್ಲವಾದವನು. ಅಣ್ಣ ಎನ್ನಲೋ, ತಮ್ಮ ಎನ್ನಲೋ? ಒಡಹುಟ್ಟಿದವನೇ ಅಲ್ಲದೆ ಜೊತೆಯ ಸಿಪಾಯಿಯೂ ಇರಬಹುದು. ಸ್ಪ್ರಿಂಗ್‌ಸ್ಟೀನ್ ಹುಡುಗನಾಗಿದ್ದಾಗ ಅವರ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಬಾರ್ಟ್ ಹೇನ್ಸ್ ವಿಯೆಟ್ನಾಂನಲ್ಲೇ ತೀರಿಕೊಂಡ. ಅದಕ್ಕೇ ಗೆಳೆಯನ ಅರ್ಥವನ್ನು ಬಿಡಲು ಇಷ್ಟವಿಲ್ಲ. ‘ಸಂಗಾತಿ’ ತೀರಾ ಸಡಿಲ ಅನಿಸುತ್ತದೆ. ಸೇನೆಯಲ್ಲಿ ಇದ್ದು ಬಂದವರು, ಅವರ ಮನೆಯವರು ಇಲ್ಲಿದ್ದರೆ ಹೇಳಿ: ಪಕ್ಕದಲ್ಲೇ ನಿಂತು ಹೋರಾಡಿದವನನ್ನು ಮನೆಮಾತಿನಲ್ಲಿ ಏನೆಂದು ಕರೆಯುತ್ತೀರಿ?