‘ಪಾರ್ಕ್‌ವೇ’, ‘ರೋಡ್ ಡಯಟ್’: ಕನ್ನಡದಲ್ಲಿ ಏನೆನ್ನೋಣ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ಚಾರ್ಲ್ಸ್ ನದಿಯ ದಂಡೆಗುಂಟ ಸಾಗುವ ಮೆಮೋರಿಯಲ್ ಡ್ರೈವ್ ರಸ್ತೆಯನ್ನು ಕಾರಿನವರು, ಸೈಕಲ್ಲಿನವರು, ನಡೆಯುವವರು ಮೂವರಿಗೂ ಒಗ್ಗುವಂತೆ ಮತ್ತೆ ರೂಪಿಸುವ ಯೋಜನೆಯ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಬಳಿ ಕೈ ನಿಂತಿದೆ.

ಮೊದಲನೆಯದು ‘ಪಾರ್ಕ್‌ವೇ’, ಅಂದರೆ ಉದ್ಯಾನದಂತೆ ಮರ, ಹುಲ್ಲುಗಳ ನಡುವೆ ಸಾಗುವ ವಾಹನಗಳ ರಸ್ತೆ; ಮೆಮೋರಿಯಲ್ ಡ್ರೈವ್ ಅಂಥದ್ದೇ. ‘ಹೆದ್ದಾರಿ’ ಎನ್ನುವಂತಿಲ್ಲ, ಏಕೆಂದರೆ ಹೆದ್ದಾರಿ ಎಂದ ಕೂಡಲೇ ಲಾರಿ ಕಣ್ಣಿಗೆ ಬರುತ್ತದೆ. ಇಲ್ಲಿ ಲಾರಿಗೆ ಪ್ರವೇಶವೇ ಇಲ್ಲ. ‘ಉದ್ಯಾನಪಥ’ ಎಂದರೆ ಕಬ್ಬನ್ ಪಾರ್ಕಿನೊಳಗಿನ ಕಾಲುದಾರಿಯಂತೆ ಕೇಳಿಸುತ್ತದೆ. ನನಗೆ ಹಿಡಿಸಿರುವುದು ‘ಸಾಲುಮರದ ದಾರಿ’. ಅಲ್ಲಿ ನದಿಯ ಬದಿಗೆ ಸಾಲಾಗಿ ನಿಂತಿರುವ ಸಿಕಮೋರ್ ಮರಗಳ ತೊಗಟೆ ಚಕ್ಕೆಚಕ್ಕೆಯಾಗಿ ಕಳಚಿ, ಒಳಗಿನ ಬಿಳಿಮೈ ಸುಣ್ಣ ಬಳಿದಂತೆ ಕಾಣುತ್ತದೆ. 1960ರ ದಶಕದಲ್ಲಿ ಕೆಳಸೇತುವೆಗಳಿಗಾಗಿ ಇವನ್ನು ಕಡಿಯಲು ಹೊರಟಾಗ ಊರವರೇ ಹೋರಾಡಿ ಉಳಿಸಿಕೊಂಡರು. ಆದರೆ ‘ಸಾಲುಮರ’ದಲ್ಲಿ ಹೊಳೆ ಬರುವುದಿಲ್ಲ, ‘ಹೊಳೆದಂಡೆಯ ಸಾಲುಮರದ ದಾರಿ’ ಎಂದು ಪ್ರತಿ ಸಾಲಿನಲ್ಲೂ ಬರೆದರೆ ಓದುಗರಿಗೆ ಉಸಿರು ಕಟ್ಟೀತು.

ಎರಡನೆಯದು ‘ರೋಡ್ ಡಯಟ್’. ರಸ್ತೆಯ ಪಥಗಳನ್ನು ಕಡಿಮೆ ಮಾಡಿ, ಉಳಿಯುವ ಜಾಗವನ್ನು ಸೈಕಲ್ಲಿಗೂ ಕಾಲ್ನಡಿಗೆಗೂ ಕೊಡುವುದಕ್ಕೆ ಯೋಜಕರು ಬಳಸುವ ಮಾತಿದು. ಮೆಮೋರಿಯಲ್ ಡ್ರೈವಿನ ಪಡುವಣ ತುದಿಯಲ್ಲಿ ನಾಲ್ಕು ಪಥಗಳನ್ನು ಎರಡಕ್ಕಿಳಿಸುವ ಆಲೋಚನೆಯ ಹಿಂದೆ ಇರುವುದೂ ಇದೇ. ಈಗಿನ ದಂಡೆಯ ಹಾದಿ ಕೆಲವೆಡೆ ಎಷ್ಟು ಇಕ್ಕಟ್ಟೆಂದರೆ, ಇಬ್ಬರು ಜೊತೆಯಾಗಿ ನಡೆಯುತ್ತಿದ್ದರೆ ಹಿಂದಿನಿಂದ ಬಂದ ಸೈಕಲ್ಲು ಹುಲ್ಲಿಗಿಳಿಯಬೇಕು. ಬೇರುಗಳು ಡಾಂಬರನ್ನು ಎತ್ತಿರುವಲ್ಲಿ ಅದೂ ಕಷ್ಟ.

ಇದಕ್ಕೆ ‘ರಸ್ತೆಯ ಪಥ್ಯ’ ಎಂದರೆ ಹೇಗೆ? ತಮಾಷೆಗೆ ಬರೆದುಕೊಂಡದ್ದು, ಆಮೇಲೆ ಬಿಡಲು ಮನಸ್ಸಾಗಲಿಲ್ಲ. ‘ಪಥ್ಯ’ ಹುಟ್ಟಿದ್ದೇ ‘ಪಥ’ದಿಂದ: ದಾರಿಗೆ ತಕ್ಕದ್ದು, ಆದ್ದರಿಂದ ಹಿತವಾದದ್ದು ಎಂಬ ಅರ್ಥದಿಂದ ಅದು ವೈದ್ಯರ ಬಾಯಿಗೆ ಹೋಗಿ, ಬಾಣಂತಿಯ ಕೋಣೆ ಸೇರಿತು. ಪತ್ರಿಕೆಗಳು ‘ಚತುಷ್ಪಥ’, ‘ಷಟ್ಪಥ’ ಎಂದು ದಿನವೂ ಬರೆಯುತ್ತಿರುವಾಗ ಆ ಪದ ಮರಳಿ ರಸ್ತೆಗೆ ಬಂದರೆ ತವರಿಗೆ ಬಂದಂತೆಯೇ. ‘ಆ ಮಾತು ಅವರಿಗೆ ಪಥ್ಯವಾಗಲಿಲ್ಲ’ ಎಂಬ ನುಡಿಗಟ್ಟೂ ಇಲ್ಲಿ ತಾನಾಗಿ ಒದಗುತ್ತದೆ. ಪಥ ಕಳೆದುಕೊಳ್ಳುವ ಕಾರಿನವರಿಗೆ ಪಥ್ಯ ಪಥ್ಯವಾಗುವುದು ಅಷ್ಟರಲ್ಲೇ ಇದೆ.

ನನ್ನನ್ನು ಕಾಡುತ್ತಿರುವ ತೊಡಕು ಬೇರೆ. ನಮ್ಮಲ್ಲಿ ಪಥ್ಯಕ್ಕೆ ಗಡುವಿರುತ್ತದೆ: ಜ್ವರ ಬಿಟ್ಟರೆ, ಬಾಣಂತನ ಮುಗಿದರೆ ಪಥ್ಯವೂ ಮುಗಿಯುತ್ತದೆ. ಭಾನುವಾರಗಳಲ್ಲಿ ಇದೇ ರಸ್ತೆಯ ಒಂದು ಭಾಗವನ್ನು ವಾಹನಗಳಿಗೆ ಮುಚ್ಚಿ ಜನರಿಗೆ ಬಿಡುವ ವಾಡಿಕೆಯಿದೆ. ‘ಪಥ್ಯ’ ಅದಕ್ಕೆ ಹೆಚ್ಚು ಹೊಂದೀತು ಅಥವಾ ‘ಉಪವಾಸ’ ಎನ್ನಬಹುದೇನೋ. ಕಾಯಂ ಆಗಿ ಪಥ ತೆಗೆಯುವುದಕ್ಕೆ ‘ಪಥಕಡಿತ’ ಎಂದರೆ ಅರ್ಥ ನೇರವಾಗಿದೆ, ಆದರೆ ವಿದ್ಯುತ್ ಕಡಿತದ ನೆನಪು ಬಂದು ಏನೋ ಕಿತ್ತುಕೊಂಡಂತಾಗುತ್ತದೆ.

‘ಪಥ್ಯ’ವನ್ನು ಗಡುವಿಲ್ಲದೆ, ಜೀವನಪೂರ್ತಿಯ ನಿಯಮವೆಂಬ ಅರ್ಥದಲ್ಲಿ ಬಳಸುವ ರೂಢಿ ನಿಮ್ಮ ಕಡೆ ಇದೆಯೇ? ಇದ್ದರೆ ಕ್ರಿಯಾಪದ ಯಾವುದು: ರಸ್ತೆಗೆ ಪಥ್ಯ ‘ಮಾಡಿಸುವುದೇ’, ‘ಹಿಡಿಸುವುದೇ’, ಇಲ್ಲವೇ ರಸ್ತೆಯನ್ನು ಪಥ್ಯದಲ್ಲಿ ‘ಇಡುವುದೇ’?